ಸ್ಮಾರ್ಟ್ ಬೋರ್ಡ್ ಬಂತು, ಕ್ಲಾಸು ಯಾಕೆ ಸುಮ್ಮನಾಯಿತು?

ಪ್ರಶ್ನೆ: ಸರ್, ನಾನು ಕೊಪ್ಪಳ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಬಿ.ಕಾಂ. ಮೊದಲ ವರ್ಷದಲ್ಲಿ 84 ಮಕ್ಕಳಿದ್ದಾರೆ. ಮುಕ್ಕಾಲು ಪಾಲು ಹಳ್ಳಿಯಿಂದ ಬಸ್ಸಿಗೆ ಬರುವವರು, ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಹೋದ ವರ್ಷ ನಮ್ಮ ಕ್ಲಾಸಿಗೆ ಸ್ಮಾರ್ಟ್ ಬೋರ್ಡ್ ಬಂತು. ರಾತ್ರಿ ಕೂತು ಪಿಪಿಟಿ ಮಾಡುತ್ತೇನೆ. ಮಕ್ಕಳು ಫೋಟೋ ಹೊಡೆದುಕೊಂಡು ಸುಮ್ಮನೆ ಕೂರುತ್ತಾರೆ. ಬೋರ್ಡ್ ಬಂದ ಮೇಲೆ ಪ್ರಶ್ನೆ ಕೇಳುವವರು ಇನ್ನೂ ಕಡಿಮೆಯಾಗಿದ್ದಾರೆ. ಪ್ರಿನ್ಸಿಪಾಲರು ಯಾವುದಾದರೂ ಆ್ಯಪ್ ತರಿಸೋಣ ಎನ್ನುತ್ತಿದ್ದಾರೆ. ಯಾವುದು ಒಳ್ಳೆಯದು? ಕ್ಲಾಸಿನಲ್ಲಿ ಮೊಬೈಲ್ ಬಿಡಬೇಕೋ ಬೇಡವೋ?

ಉತ್ತರ: ಮೇಡಂ, ಬೋರ್ಡ್ ಬಂದ ಮೇಲೆ ಪ್ರಶ್ನೆ ಕೇಳುವವರು ಕಡಿಮೆಯಾದರು ಅಂತ ಬರೆದಿದ್ದೀರಲ್ಲ, ನನ್ನ ಉತ್ತರವೆಲ್ಲ ಹುಟ್ಟುವುದು ಆ ಒಂದು ಸಾಲಿನಿಂದಲೇ. ಆ್ಯಪ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೀವು ಚಾಕ್‌ಪೀಸ್ ಹಿಡಿದು ಬೇಡಿಕೆ ರೇಖೆ ಎಳೆಯುತ್ತಿದ್ದ ದಿನ ನೆನಪು ಮಾಡಿಕೊಳ್ಳಿ. ಮೊದಲು ಒಂದು ನಿಂತ ಗೆರೆ, ಒಂದು ಮಲಗಿದ ಗೆರೆ. ಇದು ಬೆಲೆ, ಇದು ಪ್ರಮಾಣ. ಆಮೇಲೆ ಇಳಿಜಾರಿನ ಗೆರೆ. ನಡುವೆ ಚಾಕ್ ಮುರಿಯಿತು, ಇನ್ನೊಂದು ತೆಗೆದುಕೊಂಡಿರಿ. ಅಷ್ಟರಲ್ಲಿ ಮೂರನೇ ಬೆಂಚಿನ ಹುಡುಗ ತನ್ನ ನೋಟ್‌ಬುಕ್ಕಿನಲ್ಲಿ ಅದೇ ಗೆರೆ ಎಳೆಯುತ್ತಾ, "ಇದು ಯಾಕೆ ಕೆಳಗೆ ಬರುತ್ತೆ ಮೇಡಂ" ಅಂತ ಕೇಳುತ್ತಿದ್ದ. ನಿಮ್ಮ ಕೈ ನಿಧಾನವಾಗಿದ್ದರಿಂದ ಅವನ ತಲೆಗೆ ಹೊತ್ತು ಸಿಗುತ್ತಿತ್ತು. ಸ್ಲೈಡಿನಲ್ಲಿ ಆ ಚಿತ್ರ ಪೂರ್ತಿ ಸಿದ್ಧವಾಗಿಯೇ ಬರುತ್ತದೆ. ನೋಡಿದವರಿಗೆ ಕೇಳಲು ಏನೂ ಉಳಿದಿಲ್ಲ ಅನಿಸುತ್ತದೆ. ಮೊಬೈಲಿನಲ್ಲಿ ಫೋಟೋ ಇದೆಯಲ್ಲ, ಪಾಠವೂ ಅಲ್ಲೇ ಇದೆ ಅಂತ ಧೈರ್ಯ. ಪರೀಕ್ಷೆಯ ಹಿಂದಿನ ರಾತ್ರಿ ನೂರಾರು ಫೋಟೋಗಳ ನಡುವೆ, ಅಕ್ಕನ ಮದುವೆಯ ಚಿತ್ರಗಳ ಹಿಂದೆ, ಆ ಬೇಡಿಕೆ ರೇಖೆ ಎಲ್ಲೋ ಇರುತ್ತದೆ.

ಸ್ಮಾರ್ಟ್ ಬೋರ್ಡ್, ಪ್ರೊಜೆಕ್ಟರ್, ಸ್ಪೀಕರ್ ಇವೆಲ್ಲ ನಿಮ್ಮ ಕಡೆಯಿಂದ ಮಕ್ಕಳ ಕಡೆಗೆ ಸಾಗಿಸುವ ಸಾಮಾನು. 84 ತಲೆಗಳಲ್ಲಿ ಏನು ನಡೆಯುತ್ತಿದೆ ಅನ್ನುವುದು ನಿಮ್ಮ ಕಡೆಗೆ ವಾಪಸ್ ಬರುವುದಿಲ್ಲ. ಹಾಗಾಗಿ ಯಾರಾದರೂ ಹೊಸ ಉಪಕರಣ ತಂದು ತೋರಿಸಿದರೆ ನಾನು ಕೇಳುವುದು ಒಂದೇ: ಇದರಿಂದ ಸುದ್ದಿ ಯಾವ ಕಡೆಗೆ ಹೋಗುತ್ತದೆ? ಮಕ್ಕಳಿಂದ ಮೇಷ್ಟರ ಕಡೆಗೂ ಬರುತ್ತದೆ ಎಂದರೆ ಮುಂದಿನ ಮಾತು ಆಡೋಣ. ಇಲ್ಲದಿದ್ದರೆ ಅದು ಬೆಲೆ ಜಾಸ್ತಿಯಾದ ಕರಿಹಲಗೆ, ಅಷ್ಟೇ.

ಇದನ್ನು ದೊಡ್ಡ ದೊಡ್ಡವರೇ ಪೆಟ್ಟು ತಿಂದು ಕಲಿತಿದ್ದಾರೆ. ಎರಿಕ್ ಮಜೂರ್ ಅಂತ, ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರಾಧ್ಯಾಪಕರು. ಚೆನ್ನಾಗಿ ಪಾಠ ಮಾಡುತ್ತಾರೆ ಅಂತ ಅವರಿಗೆ ವಿದ್ಯಾರ್ಥಿಗಳು ಒಳ್ಳೆಯ ಅಂಕವನ್ನೇ ಕೊಡುತ್ತಿದ್ದರು. ಒಮ್ಮೆ ಬಲ ಮತ್ತು ಚಲನೆಯ ಬಗ್ಗೆ ಬಹಳ ಸರಳವಾದ ಪ್ರಶ್ನೆಪತ್ರಿಕೆ ಕೊಟ್ಟರು. ಲೆಕ್ಕ ಮಾಡುವುದೇನೂ ಇಲ್ಲ, ವಿಷಯ ಅರ್ಥವಾಗಿದ್ದರೆ ಸಾಕು. ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳಂತೆ: ನೀವು ಕಲಿಸಿದ ಹಾಗೆ ಬರೆಯಲೋ, ನಾನು ಯೋಚಿಸುವ ಹಾಗೆ ಬರೆಯಲೋ? ಫಲಿತಾಂಶ ನೋಡಿ ಮೇಷ್ಟ್ರೇ ಕಂಗಾಲು. ದೊಡ್ಡ ಲೆಕ್ಕ ಬಿಡಿಸುವವರಿಗೂ ಮೂಲ ವಿಷಯ ಅರ್ಥವಾಗಿರಲಿಲ್ಲ. 1991ರಿಂದ ಅವರು ಪಾಠದ ರೀತಿಯನ್ನೇ ಬದಲಿಸಿದರು. ಸ್ವಲ್ಪ ಹೇಳುವುದು, ಒಂದು ಪ್ರಶ್ನೆ ಹಾಕುವುದು, ಪ್ರತಿಯೊಬ್ಬರಿಂದಲೂ ಉತ್ತರ ತೆಗೆದುಕೊಳ್ಳುವುದು, ಪಕ್ಕದವರ ಜೊತೆ ವಾದ ಮಾಡಿಸುವುದು, ಮತ್ತೆ ಉತ್ತರ ಕೇಳುವುದು. ಈ ವಿಧಾನ ಹರಡಿದ ಹಾಗೆ ಕ್ಲಿಕ್ಕರ್ ಎಂಬ ರಿಮೋಟ್‌ನಂಥ ಯಂತ್ರಗಳೂ ಹರಡಿದವು. ಮಕ್ಕಳು ಗುಂಡಿ ಒತ್ತುತ್ತಾರೆ, ಎಣಿಕೆ ಪರದೆ ಮೇಲೆ ಬರುತ್ತದೆ.

ಇದರ ಮುಂದಿನ ಕಥೆ ನಿಮ್ಮ ಪ್ರಿನ್ಸಿಪಾಲರಿಗೆ ಹೇಳಬೇಕಾದದ್ದು. 2008ರಲ್ಲಿ ನಥಾನಿಯಲ್ ಲಾಸ್ರಿ ಎಂಬ ಕೆನಡಾದ ಭೌತಶಾಸ್ತ್ರ ಅಧ್ಯಾಪಕರು ಒಂದು ಹೋಲಿಕೆ ಪ್ರಕಟಿಸಿದರು. ಒಂದು ಕ್ಲಾಸಿಗೆ ಕ್ಲಿಕ್ಕರ್, ಇನ್ನೊಂದಕ್ಕೆ ಬರೀ ರಟ್ಟಿನ ಕಾರ್ಡು. ಎರಡೂ ಕಡೆ ಅದೇ ಪ್ರಶ್ನೆ, ಅದೇ ವಾದ. ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಕೆಲಸ ಮಾಡಿದ್ದು ಪ್ರಶ್ನೆ ಮತ್ತು ಪಕ್ಕದವರ ಜೊತೆಗಿನ ಜಗಳ.

ನಾನು ಈ ಲೇಖನ ಓದುವ ಹೊತ್ತಿಗೆ ತಡವಾಗಿತ್ತು. ರಾಯಚೂರು ಕಡೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಾಗ ನಾನೇ ಓಡಾಡಿ, ಅರ್ಜಿ ಬರೆದು, ಒಂದು ಸೆಟ್ ಕ್ಲಿಕ್ಕರ್ ತರಿಸಿದ್ದೆ. ಎರಡು ತಿಂಗಳು ಹುಡುಗರು ಖುಷಿಯಿಂದ ಒತ್ತಿದರು. ಆಮೇಲೆ ಬ್ಯಾಟರಿ ಮುಗಿಯಿತು. ಬ್ಯಾಟರಿಗೆ ಯಾವ ಲೆಕ್ಕದಲ್ಲಿ ದುಡ್ಡು ಹಾಕಬೇಕು ಅಂತ ಆಫೀಸಿನಲ್ಲಿ ತೀರ್ಮಾನವಾಗಲೇ ಇಲ್ಲ. ಎಲ್ಲ ಬೀರು ಸೇರಿದವು. ಒಂದು ಸಲ ತೆಗೆದು ನೋಡಿದಾಗ ಬ್ಯಾಟರಿ ಸೋರಿ ಒಳಗೆಲ್ಲ ಹಸಿರು ಕಟ್ಟಿತ್ತು.

ಸರಿ, ನಿಮ್ಮ ಕ್ಲಾಸಿಗೆ ಬರೋಣ. ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಏರಿಳಿದರೆ ಕೊಳ್ಳುವ ಪ್ರಮಾಣ ಎಷ್ಟು ಬದಲಾಗುತ್ತದೆ ಅನ್ನುವ ಪಾಠ ಮಾಡುತ್ತಿದ್ದೀರಿ ಅಂದುಕೊಳ್ಳಿ. ವ್ಯಾಖ್ಯೆ, ಸೂತ್ರ, ಐದು ವಿಧ ಅಂತ ಏಳು ಸ್ಲೈಡ್ ಮಾಡಿರುತ್ತೀರಿ. ಅದನ್ನು ಪಕ್ಕಕ್ಕಿಡಿ. ಬೋರ್ಡಿನ ಮೇಲೆ ಈ ಒಂದು ಪ್ರಶ್ನೆ ಹಾಕಿ: "ಈ ವರ್ಷ ಎಲ್ಲ ರೈತರಿಗೂ ಉಳ್ಳಾಗಡ್ಡಿ ಚೆನ್ನಾಗಿ ಬೆಳೆಯಿತು. ಎಲ್ಲ ರೈತರ ಕೈಗೆ ಬರುವ ಒಟ್ಟು ದುಡ್ಡು ಏನಾಗುತ್ತದೆ? ಎ: ಜಾಸ್ತಿಯಾಗುತ್ತದೆ. ಬಿ: ಕಡಿಮೆಯಾಗುತ್ತದೆ. ಸಿ: ಹೋದ ವರ್ಷದಷ್ಟೇ ಇರುತ್ತದೆ."

ಓದಿ ಹೇಳಿ. ಆಮೇಲೆ ಸುಮ್ಮನಿರಿ. ಇದು ಕಷ್ಟದ ಕೆಲಸ. ಮೇಷ್ಟ್ರುಗಳು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಕಾದು ತಾವೇ ಮತ್ತೆ ಮಾತು ಶುರು ಮಾಡುತ್ತಾರೆ ಅಂತ ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲೇ ಎಣಿಸಿ ತೋರಿಸಿದ್ದರು. ಮೂರು ಸೆಕೆಂಡ್ ಕಾದರೂ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡುವವರು ಜಾಸ್ತಿಯಾಗುತ್ತಾರೆ. ಈ ಪ್ರಶ್ನೆಗೆ ನೀವು ಒಂದು ನಿಮಿಷ ಕೊಡಿ. ಮೊದಲ ಸಲ ಆ ಒಂದು ನಿಮಿಷ ಒಂದು ಪಿರಿಯಡ್ ಅನಿಸುತ್ತದೆ.

ಎಲ್ಲರೂ ಒಟ್ಟಿಗೆ ಉತ್ತರ ತೋರಿಸಲಿ. ಕೈ ಎತ್ತಿಸಬೇಡಿ. ಕೈ ಎತ್ತಿಸಿದರೆ ಮೊದಲ ಬೆಂಚಿನ ಜಾಣರ ಕೈ ನೋಡಿ ಉಳಿದವರ ಕೈ ಏಳುತ್ತದೆ. ಎಣಿಸಿ. ಯಾವುದು ಸರಿ ಅಂತ ಹೇಳಬೇಡಿ, ಮುಖದಲ್ಲೂ ತೋರಿಸಬೇಡಿ. ಬಹಳ ಮಂದಿ ಎ ಅನ್ನುತ್ತಾರೆ. ಬೆಳೆ ಜಾಸ್ತಿ, ದುಡ್ಡು ಜಾಸ್ತಿ. ಆದರೆ ಉಳ್ಳಾಗಡ್ಡಿಯನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಮಾರ್ಕೆಟ್ಟಿಗೆ ಹೋಗಿ, ಬಾಡಿಗೆಯೂ ಗಿಟ್ಟದೆ ವಾಪಸ್ ಬಂದ ಮನೆಯ ಹುಡುಗಿ ಬಿ ತೋರಿಸಿರುತ್ತಾಳೆ. ಅವಳು ಇಲ್ಲಿಯವರೆಗೆ ನಿಮ್ಮ ಕ್ಲಾಸಿನಲ್ಲಿ ಒಂದು ಮಾತು ಆಡಿಲ್ಲ. ಈಗ ನಿಮ್ಮ ಉತ್ತರವೇ ಸರಿ ಅಂತ ಪಕ್ಕದವರನ್ನು ಒಪ್ಪಿಸಿ ಅಂತ ಎಲ್ಲರಿಗೂ ಹೇಳಿ, ಮೂರು ನಿಮಿಷ ಬಿಡಿ. ಗದ್ದಲವಾಗುತ್ತದೆ. ಪಕ್ಕದ ಕ್ಲಾಸಿನವರು ಇಣುಕಿ ನೋಡುತ್ತಾರೆ. ಇರಲಿ.

ಮತ್ತೆ ಉತ್ತರ ತೋರಿಸಲು ಹೇಳಿ. ಎಣಿಕೆ ಬದಲಾಗಿರುತ್ತದೆ. ಸೂತ್ರ ಬರಬೇಕಾದದ್ದು ಈಗ. 100 ಕ್ವಿಂಟಲ್, ಕ್ವಿಂಟಲಿಗೆ 2,000 ರೂಪಾಯಿ, ಒಟ್ಟು 2 ಲಕ್ಷ. ಮುಂದಿನ ವರ್ಷ 130 ಕ್ವಿಂಟಲ್, ಆದರೆ ಬೆಲೆ 1,200ಕ್ಕೆ ಇಳಿಯಿತು ಅಂದುಕೊಳ್ಳಿ. ಒಟ್ಟು 1 ಲಕ್ಷ 56 ಸಾವಿರ. ಬೆಲೆ ಇಳಿಯಿತು ಅಂತ ಯಾರೂ ಸಾರಿಗೆ ಎರಡು ಪಟ್ಟು ಉಳ್ಳಾಗಡ್ಡಿ ಹಾಕುವುದಿಲ್ಲವಲ್ಲ, ಅದಕ್ಕೇ ಬೆಲೆ ಇಷ್ಟು ಕುಸಿಯಬೇಕಾಯಿತು. ಇದನ್ನೇ ಪುಸ್ತಕ ಸ್ಥಿತಿಸ್ಥಾಪಕತ್ವ ಒಂದಕ್ಕಿಂತ ಕಡಿಮೆ ಅನ್ನುವುದು. ಏಳು ಸ್ಲೈಡಿನಲ್ಲಿದ್ದದ್ದು ಈಗ ಅವರಿಗೆ ಬೇಕಾಗಿ ಬಂದಿರುತ್ತದೆ.

ಇಲ್ಲಿಗೆ ನಿಲ್ಲಿಸಬೇಡಿ. ಎರಡನೇ ಪ್ರಶ್ನೆ ಹಾಕಿ: "ಎಲ್ಲರದೂ ಬಿಡಿ, ನಿಮ್ಮ ಒಬ್ಬರ ಹೊಲದಲ್ಲಿ ಮಾತ್ರ ಚೆನ್ನಾಗಿ ಬೆಳೆದರೆ?" ಈಗ ಉತ್ತರ ತಿರುಗಿ ಎ ಆಗುತ್ತದೆ. ಒಬ್ಬರ ಚೀಲದಿಂದ ಮಾರ್ಕೆಟ್ ದರ ಅಲುಗಾಡುವುದಿಲ್ಲ. ಒಬ್ಬರಿಗೆ ನಿಜವಾದದ್ದು ಎಲ್ಲರಿಗೂ ಸೇರಿ ಸುಳ್ಳಾಗಬಹುದು ಅನ್ನುವುದು ಅರ್ಥಶಾಸ್ತ್ರದಲ್ಲಿ ಬಹಳ ದೊಡ್ಡ ಮಾತು, ಅದು ಇಲ್ಲಿ ಒಂದೇ ನಿಮಿಷದಲ್ಲಿ ಕೈಗೆ ಸಿಗುತ್ತದೆ. ಹಿಂದಿನ ಬೆಂಚಿನ ಯಾರಾದರೂ "ಸರ್ಕಾರ ರಫ್ತು ನಿಲ್ಲಿಸಿತ್ತಲ್ಲ ಮೇಡಂ" ಎಂದರೆ ಹಬ್ಬ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಉಳ್ಳಾಗಡ್ಡಿ ರಫ್ತು ನಿಷೇಧಿಸಿ 2024ರ ಮೇನಲ್ಲಿ ತೆಗೆದದ್ದನ್ನು ಅಲ್ಲೇ ಬೋರ್ಡಿನ ಮೇಲೆ ಎಳೆದು ತೋರಿಸಿ.

ಯಾವಾಗ ವಾದಕ್ಕೆ ಬಿಡಬೇಕು, ಯಾವಾಗ ಬೇಡ? ಮೊದಲ ಸಲ ಸರಿ ಉತ್ತರ ಕೊಟ್ಟವರು ನೂರಕ್ಕೆ ಸುಮಾರು 30ರಿಂದ 70 ಇದ್ದರೆ ವಾದ ಫಲ ಕೊಡುತ್ತದೆ. 70ಕ್ಕಿಂತ ಜಾಸ್ತಿ ಇದ್ದರೆ ಎರಡು ಮಾತಿನಲ್ಲಿ ವಿವರಿಸಿ ಮುಂದಕ್ಕೆ ಹೋಗಿ. 30ಕ್ಕಿಂತ ಕಡಿಮೆ ಇದ್ದರೆ ನಿಮ್ಮ ವಿವರಣೆ ತಲುಪಿಲ್ಲ, ಮತ್ತೆ ಹೇಳಿ. ಇಬ್ಬರಿಗೂ ಗೊತ್ತಿಲ್ಲದಿದ್ದರೆ ಕುರುಡರು ಕುರುಡರಿಗೆ ದಾರಿ ತೋರಿದ ಹಾಗಲ್ವಾ ಅಂತ ತರಬೇತಿಗಳಲ್ಲಿ ನನ್ನನ್ನು ಕೇಳುತ್ತಾರೆ. ನ್ಯಾಯವಾದ ಅನುಮಾನ. ಅಮೆರಿಕದ ಕೊಲೊರಾಡೊದಲ್ಲಿ ತಳಿಶಾಸ್ತ್ರದ ಕ್ಲಾಸಿನಲ್ಲಿ ಇದನ್ನೇ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಗುಂಪಿನಲ್ಲಿ ಮೊದಲಿಗೆ ಯಾರಿಗೂ ಸರಿ ಉತ್ತರ ಗೊತ್ತಿಲ್ಲದ ಕಡೆಯೂ ಮಾತಾಡಿದ ಮೇಲೆ, ಅದೇ ವಿಷಯದ ಹೊಸ ಪ್ರಶ್ನೆಯಲ್ಲಿ ಸರಿ ಉತ್ತರ ಜಾಸ್ತಿಯಾಯಿತು. ಬಾಯಿ ಬಿಟ್ಟು ಹೇಳುವಾಗ ತನ್ನ ತಪ್ಪು ತನಗೇ ಕೇಳಿಸುತ್ತದೆ, ನನ್ನ ಅನುಭವವೂ ಅದೇ.

ಈಗ ಉಪಕರಣ. 84 ಮಕ್ಕಳ ಉತ್ತರವನ್ನು ಒಮ್ಮೆಗೇ ತೆಗೆದುಕೊಳ್ಳುವುದು ಹೇಗೆ?

ಎಲ್ಲಕ್ಕಿಂತ ಸಸ್ತಾ ದಾರಿ ರಟ್ಟು. ನಾಲ್ಕು ಬಣ್ಣದ ರಟ್ಟಿನ ಚೌಕ, ಎದೆಯ ಹತ್ತಿರ ಹಿಡಿದು ತೋರಿಸುವುದು. ಯಾವ ಬಣ್ಣ ಜಾಸ್ತಿ ಇದೆ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಆದರೆ ಯಾರು ಏನು ಹೇಳಿದರು ಅನ್ನುವ ದಾಖಲೆ ಉಳಿಯುವುದಿಲ್ಲ.

ದಾಖಲೆ ಬೇಕೆಂದರೆ ಪ್ಲಿಕರ್ಸ್ ಅಂತ ಒಂದು ವ್ಯವಸ್ಥೆ ಇದೆ. ನಮ್ಮ ಭಾಗದ ಕಾಲೇಜುಗಳಿಗೆ ಅಂತಲೇ ಮಾಡಿದ ಹಾಗಿದೆ. ಕ್ಯೂಆರ್ ಕೋಡಿನ ಹಾಗೆ ಕಾಣುವ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ ಕೊಡುತ್ತೀರಿ. ಒಬ್ಬೊಬ್ಬರದು ಒಂದೊಂದು ಸಂಖ್ಯೆ. ಕಾರ್ಡಿನ ನಾಲ್ಕು ಬದಿಗೆ ಎ, ಬಿ, ಸಿ, ಡಿ ಅಂತ ಸಣ್ಣ ಅಕ್ಷರ ಇರುತ್ತದೆ. ತನ್ನ ಉತ್ತರದ ಬದಿ ಮೇಲೆ ಬರುವ ಹಾಗೆ ಹಿಡಿಯಬೇಕು. ನೀವು ನಿಮ್ಮ ಮೊಬೈಲಿನ ಕ್ಯಾಮೆರಾವನ್ನು ಕ್ಲಾಸಿನ ಮೇಲೆ ನಿಧಾನವಾಗಿ ಸುತ್ತಿಸಿದರೆ ಸಾಕು, ಯಾರು ಏನು ಹೇಳಿದರು ಅಂತ ಬಂದುಬಿಡುತ್ತದೆ. ಮಕ್ಕಳ ಹತ್ತಿರ ಮೊಬೈಲ್ ಬೇಕಿಲ್ಲ, ನೆಟ್ ಬೇಕಿಲ್ಲ. ನಿಮ್ಮ ಒಂದು ಫೋನಿಗೆ ನೆಟ್‌ವರ್ಕ್ ಸಿಕ್ಕರೆ ಆಯಿತು. ಅಕ್ಷರ ಸಣ್ಣದಿರುವುದರಿಂದ ಪಕ್ಕದವರ ಕಾರ್ಡು ನೋಡಿ ಕಾಪಿ ಹೊಡೆಯುವುದೂ ಕಷ್ಟ.

ನಿಮಗೆ ಒಂದು ತೊಡಕು ಬರುತ್ತದೆ. ಮಾಮೂಲಿ ಸೆಟ್ಟಿನಲ್ಲಿ 40 ಕಾರ್ಡು, ದೊಡ್ಡ ಸೆಟ್ಟಿನಲ್ಲಿ 63. ನಿಮ್ಮಲ್ಲಿ 84 ಮಕ್ಕಳು. ನಾನಾದರೆ ಇಬ್ಬರಿಗೆ ಒಂದು ಕಾರ್ಡು ಕೊಡುತ್ತೇನೆ. ದೊಡ್ಡ ಸೆಟ್ಟಿನಿಂದ 42 ಕಾರ್ಡು ಸಾಕು. ಒಂದೇ ಉತ್ತರ ತೋರಿಸಬೇಕಾದ್ದರಿಂದ ಇಬ್ಬರೂ ಮಾತಾಡಲೇಬೇಕು. ಮೊದಲ ಸುತ್ತಿನ ಉತ್ತರವನ್ನು ಮಾತ್ರ ಇಬ್ಬರೂ ತಮ್ಮ ತಮ್ಮ ನೋಟ್‌ಬುಕ್ಕಿನ ಅಂಚಿನಲ್ಲಿ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಲಿ. ಇಲ್ಲದಿದ್ದರೆ ಜೋರು ಬಾಯಿಯವನು ಹೇಳಿದ್ದೇ ಉತ್ತರ. ಮತ್ತೆ, ಕಾರ್ಡಿಗೆ ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ. ಕಿಟಕಿಯ ಬೆಳಕು ಅದರ ಮೇಲೆ ಬಿದ್ದರೆ ಕ್ಯಾಮೆರಾಗೆ ಏನೂ ಕಾಣುವುದಿಲ್ಲ. ದಪ್ಪ ಕಾಗದದ ಮೇಲೆ ಜೆರಾಕ್ಸ್ ಮಾಡಿಸಿ, ರಟ್ಟಿಗೆ ಅಂಟಿಸಿದರೆ ಒಂದು ವರ್ಷ ಬಾಳುತ್ತದೆ. ಹಿಡಿಯುವಾಗ ಬೆರಳು ಚಿತ್ರದ ಮೇಲೆ ಬರಬಾರದು, ಇದನ್ನು ಮೊದಲ ವಾರ ಹತ್ತು ಸಲ ಹೇಳಬೇಕಾಗುತ್ತದೆ.

ಕಹೂಟ್, ಮೆಂಟಿಮೀಟರ್ ಮುಂತಾದ ಕ್ವಿಜ್ ಆ್ಯಪ್‌ಗಳು ಚೆನ್ನಾಗಿಯೇ ಇವೆ, ನೋಡಲೂ ಚಂದ. ಅವಕ್ಕೆ ಪ್ರತಿಯೊಬ್ಬರ ಕೈಯಲ್ಲೂ ನೆಟ್ ಇರುವ ಸಾಧನ ಬೇಕು. ಕಹೂಟ್‌ನಲ್ಲಿ ಬೇಗ ಒತ್ತಿದವರಿಗೆ ಅಂಕ ಜಾಸ್ತಿ. ಮನಸ್ಸಿನಲ್ಲೇ ಇಂಗ್ಲಿಷನ್ನು ಕನ್ನಡ ಮಾಡಿಕೊಂಡು ಯೋಚಿಸುವ ಹುಡುಗಿಗೆ ಅದು ಅನ್ಯಾಯ. ಸಮಯದ ಲೆಕ್ಕವನ್ನು ತೆಗೆದಿಟ್ಟು ಆಡಿಸಬಹುದು. ವರ್ಷದ ಕೊನೆಗೆ ಒಂದು ದಿನ ಮಜಾಕ್ಕೆ ಸರಿ.

ಅಲ್ಲಿಗೆ ನಿಮ್ಮ ಮೊಬೈಲ್ ಪ್ರಶ್ನೆಗೆ ಬಂದೆವು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಕಾಲೇಜಿಗೆ ಫೋನ್ ಒಯ್ಯುವ ಹಾಗಿಲ್ಲ. ಮನೆಗೆ ಒಂದೇ ಫೋನ್, ಅದು ಅಪ್ಪನ ಹತ್ತಿರವೋ ಅಣ್ಣನ ಹತ್ತಿರವೋ. 2021ರಲ್ಲಿ ಸರ್ಕಾರಿ ಕಾಲೇಜಿನ ಮಕ್ಕಳಿಗೆ ಟ್ಯಾಬ್ ಕೊಟ್ಟಿದ್ದರು, ಆದರೆ ಆ ಬ್ಯಾಚು ಪದವಿ ಮುಗಿಸಿ ಹೋಯಿತು. "ಎಲ್ಲರೂ ಫೋನ್ ತೆಗೆಯಿರಿ" ಎಂದ ಕೂಡಲೇ ಕ್ಲಾಸಿನಲ್ಲಿ ಒಂದು ಸಾಲು ತಲೆ ತಗ್ಗಿಸುತ್ತದೆ. ಆ ಸಾಲನ್ನು ನಾನು ನೋಡಿದ್ದೇನೆ. ಹಾಗಾಗಿ ಕ್ಲಾಸಿನ ಒಳಗೆ ಮಕ್ಕಳ ಫೋನ್ ಬೇಡ, ಬ್ಯಾಗಿನಲ್ಲಿರಲಿ. ಇನ್ನೊಂದು ಕಾರಣವೂ ಇದೆ. ಕೆನಡಾದಲ್ಲಿ 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಪಾಠದ ನಡುವೆ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸ ಮಾಡಿದವರ ಅಂಕ ಕಡಿಮೆಯಾಯಿತು. ಅದೇನೂ ಆಶ್ಚರ್ಯವಲ್ಲ. ಅವರ ಪರದೆ ಕಾಣುವ ಹಾಗೆ ಹಿಂದೆ ಕೂತು, ಕಾಗದದ ಮೇಲೆ ಶ್ರದ್ಧೆಯಿಂದ ನೋಟ್ಸ್ ಬರೆದುಕೊಂಡವರ ಅಂಕವೂ 17 ಪರ್ಸೆಂಟ್ ಇಳಿಯಿತು. ಒಬ್ಬನ ರೀಲ್ಸ್ ಅವನೊಬ್ಬನ ಹಣೆಬರಹವಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ.

ಸ್ಲೈಡ್ ಫೋಟೋ ಹೊಡೆಯುವುದು ತಾನಾಗಿಯೇ ನಿಲ್ಲುತ್ತದೆ. ಸ್ಲೈಡಿನಲ್ಲಿ ಉತ್ತರವೇ ಇಲ್ಲದಿದ್ದರೆ ಯಾರು ಫೋಟೋ ಹೊಡೆಯುತ್ತಾರೆ?

ಹಾಗಂತ ಸ್ಮಾರ್ಟ್ ಬೋರ್ಡಿಗೆ ಬಟ್ಟೆ ಮುಚ್ಚಿ ಇಡಿ ಅಂತ ನಾನು ಹೇಳುತ್ತಿಲ್ಲ. ಚಾಕ್‌ಪೀಸಿನಿಂದ ಆಗದ ಕೆಲಸಕ್ಕೆ ಅದನ್ನು ಬಳಸಿ. ಕೇಂದ್ರ ಸರ್ಕಾರದ ಆಗ್‌ಮಾರ್ಕ್‌ನೆಟ್ ಜಾಲತಾಣದಲ್ಲಿ ಎಪಿಎಂಸಿಗಳ ಆವಕ (ಮಾರುಕಟ್ಟೆಗೆ ಬಂದ ಮಾಲು) ಮತ್ತು ದರ ಸಿಗುತ್ತದೆ. ಒಂದು ಮಾರುಕಟ್ಟೆ, ಒಂದು ಬೆಳೆ ಆರಿಸಿ. ರಾಯಚೂರಿನ ಹತ್ತಿ ಇರಲಿ, ಗಂಗಾವತಿಯ ಭತ್ತ ಇರಲಿ, ನಿಮ್ಮ ತಾಲ್ಲೂಕಿನ ಸಜ್ಜೆಯೇ ಇರಲಿ. ಎರಡು ತಿಂಗಳ ಅಂಕಿಗಳನ್ನು ಕ್ಲಾಸಿನಲ್ಲೇ ತೆರೆದು ನಕ್ಷೆ ಬಿಡಿಸಿ. ಬಿಡಿಸುವ ಮೊದಲು, ಆವಕ ಏರಿದ ವಾರ ದರದ ಗೆರೆ ಎತ್ತ ಹೋಗುತ್ತದೆ ಅಂತ ಎಲ್ಲರೂ ನೋಟ್‌ಬುಕ್ಕಿನಲ್ಲಿ ಎಳೆಯಲಿ. ಆಮೇಲೆ ನಿಜವಾದ ಗೆರೆ ತೋರಿಸಿ. ಕೆಲವು ವಾರ ಪುಸ್ತಕದ ಮಾತು ಸುಳ್ಳಾಗುತ್ತದೆ. ಭತ್ತದಲ್ಲಿ ಬೆಂಬಲ ಬೆಲೆ ನಡುವೆ ಬರುತ್ತದೆ. ಯಾಕೆ ಅಂತ ಕೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ನಿಮ್ಮ ಕಾಲೇಜಿನ ವಿಜ್ಞಾನದ ಮೇಷ್ಟ್ರಿಗೆ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಷನ್‌ಗಳ, ಅಂದರೆ ಪರದೆ ಮೇಲೆ ಮಾಡಿ ನೋಡುವ ಪ್ರಯೋಗಗಳ ಬಗ್ಗೆ ಹೇಳಿ. ಪುಕ್ಕಟೆ, ಕೆಲವು ಕನ್ನಡದಲ್ಲೂ ಇವೆ, ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದೆಯೂ ಓಡುತ್ತವೆ.

ಕರೆಂಟ್ ಮಾತು ಹೇಳದಿದ್ದರೆ ನಮ್ಮ ಕಡೆಯ ಲೇಖನ ಆಗುವುದಿಲ್ಲ. ಪ್ರಶ್ನೆಗಳು ಒಂದು ಹಾಳೆಯಲ್ಲೂ ಬರೆದಿರಲಿ. ಜೆಸ್ಕಾಂ ಕೈ ಕೊಟ್ಟ ದಿನ ಅದೇ ಪ್ರಶ್ನೆಯನ್ನು ಕರಿಹಲಗೆಗೆ ಬರೆದು ಮುಂದುವರಿಯಬಹುದು. ಏಪ್ರಿಲ್ ತಿಂಗಳ ಮಧ್ಯಾಹ್ನದ ಪಿರಿಯಡ್ಡಿಗೆ ನನ್ನ ಹತ್ತಿರವೂ ಮದ್ದಿಲ್ಲ. ಫ್ಯಾನ್ ನಿಂತ ಕೋಣೆಯಲ್ಲಿ ಯಾವ ಆ್ಯಪ್ ಕೂಡ ಯಾರನ್ನೂ ಎಬ್ಬಿಸುವುದಿಲ್ಲ.

ಭಾಷೆಯ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ, ನನಗೆ ಅದು ಆ್ಯಪ್‌ಗಿಂತ ದೊಡ್ಡದಾಗಿ ಕಾಣುತ್ತದೆ. ನಿಮ್ಮ ಸ್ಲೈಡಿನ ತುಂಬಾ ಇಂಗ್ಲಿಷ್ ವಾಕ್ಯ, ಅದನ್ನೇ ನೀವು ಓದಿ ಹೇಳುತ್ತೀರಿ ಅಂತ ನನ್ನ ಊಹೆ. ಹತ್ತರಲ್ಲಿ ಎಂಟು ಕ್ಲಾಸು ಹಾಗೇ ಇರುತ್ತವೆ, ನಾನೂ ಮಾಡಿದ್ದೇನೆ. ಒಂದೇ ವಾಕ್ಯವನ್ನು ಪರದೆ ಮೇಲೂ ತೋರಿಸಿ ಬಾಯಲ್ಲೂ ಓದಿದರೆ ತಲೆಗೆ ಭಾರವೇ ಹೊರತು ಲಾಭವಿಲ್ಲ ಅಂತ ರಿಚರ್ಡ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಬಹಳ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಚಿತ್ರ ಪರದೆ ಮೇಲೆ, ಮಾತು ಬಾಯಲ್ಲಿ ಇದ್ದರೆ ಒಳ್ಳೆಯದು. ಆದರೆ ಪಾಠದ ಭಾಷೆಯೇ ಹೊಸದಾದವರಿಗೆ ಮುಖ್ಯ ಪದಗಳು ಕಣ್ಣಿಗೆ ಕಾಣುತ್ತಿರಬೇಕು. ಹಾಗಾಗಿ ಸ್ಲೈಡಿನಲ್ಲಿ ಒಂದು ಚಿತ್ರ, ನಾಲ್ಕೈದು ಪಾರಿಭಾಷಿಕ ಪದ. ಪ್ರತಿ ಪದವೂ ಇಂಗ್ಲಿಷ್, ಕನ್ನಡ ಎರಡರಲ್ಲೂ ಇರಲಿ. ಪ್ರಶ್ನೆ ಕನ್ನಡದಲ್ಲಿ ಕೇಳಿ. ವಾದ ಅವರ ಮನೆಮಾತಿನಲ್ಲೇ ಆಗಲಿ, "ಹಂಗಲ್ಲಲೇ, ರೇಟ್ ಬಿದ್ರ ಯಾರ್ ಜಾಸ್ತಿ ತಿಂತಾರ" ಅಂತಲೇ ಆಗಲಿ. ಪರೀಕ್ಷೆಗೆ ಇಂಗ್ಲಿಷಿನಲ್ಲಿ ಬರೆಯುವವರು ಅದಾದ ಮೇಲೆ ಎರಡು ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆಯಲಿ. ಅರ್ಥವಾದದ್ದನ್ನು ಇಂಗ್ಲಿಷಿಗೆ ತಿರುಗಿಸುವುದು ಒಂದು ಕಷ್ಟ. ಅರ್ಥವಾಗದ ಇಂಗ್ಲಿಷನ್ನು ಬಾಯಿಪಾಠ ಮಾಡುವುದು ಅದಕ್ಕಿಂತ ದೊಡ್ಡ ಕಷ್ಟ.

ಕ್ಲಾಸಿನ ಹೊರಗೆ ಮೊಬೈಲಿಗೆ ಒಂದು ಒಳ್ಳೆಯ ಕೆಲಸ ಇದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಒಂದು ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದೇ ಸಲ ಓದಿ, ಮೂರು ಸಲ ಅದನ್ನು ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ 40 ಪರ್ಸೆಂಟ್ ನೆನಪಿತ್ತು, ನೆನಪಿನಿಂದ ಬರೆದವರಿಗೆ 61. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾಗುವುದೂ, ಮುಂದಿನ ಸೆಮಿಸ್ಟರಿಗೆ ಎಲ್ಲ ಮರೆಯುವುದೂ ಯಾಕೆ ಅಂತ ಇದರಿಂದ ಗೊತ್ತಾಗುತ್ತದೆ. ನೀವು ಪ್ರತಿ ಪಿರಿಯಡ್ಡಿನ ಮೊದಲ ಐದು ನಿಮಿಷ ಹೋದ ವಾರದ ಮೂರು ಪ್ರಶ್ನೆ ಕೇಳಿ, ನೋಟ್‌ಬುಕ್ ಮುಚ್ಚಿಸಿ. ಭಾನುವಾರ ಸಂಜೆ, ಮನೆಯಲ್ಲಿ ಅಪ್ಪನ ಫೋನ್ ಬಿಡುವಾಗಿರುವ ಹೊತ್ತಿಗೆ, ಗೂಗಲ್ ಫಾರ್ಮ್ಸ್‌ನಲ್ಲಿ ಐದು ಪ್ರಶ್ನೆ ಕಳಿಸಿ. ವಾಟ್ಸಾಪ್ ಪೋಲ್ ಬೇಡ. ಅದರಲ್ಲಿ ಯಾರು ಯಾವುದಕ್ಕೆ ಒತ್ತಿದರು ಅಂತ ಸಾಮಾನ್ಯವಾಗಿ ಎಲ್ಲರಿಗೂ ಕಾಣುತ್ತದೆ, ಜಾಣ ಹುಡುಗಿ ಒತ್ತಿದ ಕಡೆಗೆ ಇಡೀ ಕ್ಲಾಸು ಹೋಗುತ್ತದೆ. ಫಾರ್ಮ್ಸ್‌ನ ಕ್ವಿಜ್‌ನಲ್ಲಿ ಪ್ರತಿ ಪ್ರಶ್ನೆಗೂ, ತಪ್ಪು ಉತ್ತರ ಕೊಟ್ಟವರಿಗೆ ಯಾಕೆ ತಪ್ಪು ಅಂತ ಒಂದು ಸಾಲು ಬರೆದಿಡಬಹುದು. ಆ ಸಾಲು ಬರೆಯಲು ಸೋಮಾರಿತನ ಮಾಡಬೇಡಿ. ಫೋನ್ ಸಿಗದವರಿಗೆ ಅದೇ ಐದು ಪ್ರಶ್ನೆ ಸೋಮವಾರ ಕಾಗದದ ಮೇಲೆ.

ಈ ಯಾವುದಕ್ಕೂ ಇಂಟರ್ನಲ್ಸ್ ಅಂಕ ಹಾಕಬೇಡಿ. ಹಾಕಲೇಬೇಕೆಂದರೆ ಉತ್ತರ ಕೊಟ್ಟದ್ದಕ್ಕೆ ಹಾಕಿ, ಸರಿ ಉತ್ತರಕ್ಕೆ ಬೇಡ. ಅಂಕ ಬಂದ ದಿನ ತಪ್ಪು ಹೇಳುವ ಧೈರ್ಯ ಹೋಗುತ್ತದೆ. ನಿಮಗೆ ಬೇಕಾಗಿರುವುದೇ ಅವರ ತಪ್ಪುಗಳು.

ಅಸೈನ್‌ಮೆಂಟ್ ಚಾಟ್‌ಜಿಪಿಟಿಯಿಂದ ಬರುತ್ತದೆ ಅಂತ ನೀವು ಬರೆದಿಲ್ಲ, ಆದರೆ ಬಂದೇ ಬರುತ್ತದೆ. "ಬೇಡಿಕೆಯ ನಿಯಮ ವಿವರಿಸಿ" ಅಂತ ಕೊಟ್ಟರೆ ಯಾರಾದರೂ ಹಾಗೇ ಮಾಡುತ್ತಾರೆ. ನಿಮ್ಮೂರ ಸಂತೆಯಲ್ಲಿ ಮೂರು ವಾರ ಟೊಮೆಟೊ ದರ ಬರೆದುಕೊಂಡು ಬನ್ನಿ, ಯಾಕೆ ಏರಿಳಿಯಿತು ಅಂತ ಎರಡು ನಿಮಿಷ ನಿಂತು ಹೇಳಿ ಅಂತ ಕೊಡಿ.

ಈಗ ಎರಡು ದೂರು ಬರುತ್ತವೆ, ಮೊದಲೇ ಹೇಳಿಬಿಡುತ್ತೇನೆ. ಮಕ್ಕಳೇ ಮೊದಲು ದೂರುತ್ತಾರೆ: ಮೇಡಂ ಪಾಠನೇ ಮಾಡಲ್ಲ, ಬರೀ ನಮ್ಮ ಹತ್ತಿರ ಮಾತಾಡಿಸ್ತಾರೆ. 2019ರಲ್ಲಿ ಹಾರ್ವರ್ಡ್‌ನಲ್ಲೇ ಇದನ್ನು ಅಳೆದಿದ್ದಾರೆ. ತಾವೇ ತಲೆ ಓಡಿಸಿದ ಕ್ಲಾಸಿನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಜಾಸ್ತಿ ಅಂಕ ತೆಗೆದರು, ಆದರೆ ಕಡಿಮೆ ಕಲಿತೆವು ಅಂತ ಹೇಳಿದರು. ಸುಲಲಿತವಾದ ಉಪನ್ಯಾಸ ಕೇಳಿದವರು ಕಡಿಮೆ ಕಲಿತು, ಜಾಸ್ತಿ ಕಲಿತೆವು ಅಂದುಕೊಂಡರು. ತಲೆಗೆ ಶ್ರಮವಾದರೆ ಅದನ್ನು ಅರ್ಥವಾಗಲಿಲ್ಲ ಅಂತ ತಿಳಿಯುತ್ತಾರೆ. ಇದನ್ನು ಮೊದಲ ದಿನವೇ ಅವರಿಗೆ ಹೇಳಿ. ಅತಿಥಿ ಉಪನ್ಯಾಸಕರ ಮೇಲೆ ಮಕ್ಕಳ ದೂರು ಹೋದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಪ್ರಿನ್ಸಿಪಾಲರಿಗೂ ಮುಂಚೆಯೇ ತಿಳಿಸಿರಿ, ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂರಿಸಿ ಅವರ ಕೈಗೂ ಒಂದು ಕಾರ್ಡು ಕೊಡಿ.

ಎರಡನೇ ದೂರು ಪೋರ್ಷನ್ ಮುಗಿಯಲ್ಲ ಅನ್ನುವುದು. ನಿಜ, ಒಂದು ಪ್ರಶ್ನೆಗೆ ಆರೇಳು ನಿಮಿಷ ಹೋಗುತ್ತದೆ. ಪಿರಿಯಡ್ಡಿಗೆ ಎರಡೇ ಪ್ರಶ್ನೆ ಸಾಕು. ವ್ಯಾಖ್ಯೆ, ವಿಧಗಳು, ಲಕ್ಷಣಗಳ ಪಟ್ಟಿ ಇಂಥವನ್ನು ಜೆರಾಕ್ಸ್ ಹಾಳೆಯಲ್ಲಿ ಕೊಟ್ಟುಬಿಡಿ, ಅದನ್ನು ಓದಿ ಹೇಳಲು ನೀವು ಬೇಕಿಲ್ಲ. ಪ್ರಿನ್ಸಿಪಾಲರು ಅಂಕಿಅಂಶ ಕೇಳಿದರೆ 2014ರ ಒಂದು ದೊಡ್ಡ ವಿಶ್ಲೇಷಣೆ ಇದೆ. 225 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಬರೀ ಉಪನ್ಯಾಸ ಕೇಳುವ ಕ್ಲಾಸುಗಳಲ್ಲಿ ನೂರಕ್ಕೆ ಸುಮಾರು 34 ಮಂದಿ ಫೇಲ್, ಮಕ್ಕಳು ತೊಡಗಿಕೊಂಡ ಕ್ಲಾಸುಗಳಲ್ಲಿ ಸುಮಾರು 22. ಅವೆಲ್ಲ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಕ್ಲಾಸುಗಳು ಅನ್ನುವುದನ್ನೂ ಸೇರಿಸಿಯೇ ಹೇಳಿ. ಅರ್ಥಶಾಸ್ತ್ರದ ಲೆಕ್ಕ ನಿಮ್ಮ ಕ್ಲಾಸಿನಲ್ಲೇ ಸಿಗುತ್ತದೆ: ಪ್ರತಿ ಪ್ರಶ್ನೆಯ ಮೊದಲ ಸುತ್ತಿನ ಎಣಿಕೆ, ಎರಡನೇ ಸುತ್ತಿನ ಎಣಿಕೆ ಬರೆದಿಡಿ. ಮುಂದೆ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನ ಬಂದಾಗ ಬೋರ್ಡಿನ ಮುಂದೆ ನಿಂತ ಫೋಟೋಗಿಂತ ಆ ಪುಸ್ತಕ ಗಟ್ಟಿ.

ಹಾಗಾಗಿ ಯಾವ ಆ್ಯಪ್ ಕೊಳ್ಳಬೇಕು ಅನ್ನುವುದಕ್ಕೆ ನನ್ನ ಉತ್ತರ, ಈ ವರ್ಷ ಯಾವುದೂ ಬೇಡ. ಆ ದುಡ್ಡಿನಲ್ಲಿ ಜೆರಾಕ್ಸ್, ರಟ್ಟು, ಗೋಂದು ಬರುತ್ತದೆ, ಉಳಿದದ್ದರಲ್ಲಿ ಬೋರ್ಡಿಗೆ ಒಂದು ಯುಪಿಎಸ್ ಇಲ್ಲದಿದ್ದರೆ ಅದನ್ನು ತರಿಸಲಿ. ನೀವು ರಾತ್ರಿ ಪಿಪಿಟಿಗೆ ಹಾಕುವ ಎರಡು ಗಂಟೆಯನ್ನು ಎರಡು ಪ್ರಶ್ನೆಗೆ ಹಾಕಿ. ಒಳ್ಳೆಯ ಪ್ರಶ್ನೆ ಬರೆಯುವುದು ಸ್ಲೈಡ್ ಮಾಡುವುದಕ್ಕಿಂತ ಕಷ್ಟ. ತಪ್ಪು ಉತ್ತರಗಳನ್ನು ಸುಮ್ನೆ ಹುಟ್ಟಿಸಬೇಡಿ, ಹೋದ ವರ್ಷದ ಉತ್ತರಪತ್ರಿಕೆಗಳಲ್ಲಿ ಮಕ್ಕಳು ನಿಜವಾಗಿ ಬರೆದ ತಪ್ಪುಗಳನ್ನೇ ಆರಿಸಿ ಇಡಿ.

ಕಾರ್ಡುಗಳನ್ನು ಮಾತ್ರ ಸ್ಟಾಫ್‌ರೂಮಿನ ಬೀರುವಿನಲ್ಲಿ ಇಡಬೇಡಿ, ನಿಮ್ಮ ಚೀಲದಲ್ಲೇ ಇರಲಿ. ಬೀರುವಿನ ಕೀಲಿ ಯಾರ ಹತ್ತಿರ ಇರುತ್ತದೆ, ಅವರು ಯಾವಾಗ ರಜೆ ಹಾಕುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು.